ರೋಡ್ಸ್ ದ್ವೀಪಕ್ಕೆ ಕುಟುಂಬ ಸಮೇತ ಪ್ರವಾಸ: ಕೋಟೆ, ಕಡಲು ಮತ್ತು ಸಸ್ಯಾಹಾರದ ಬಗ್ಗೆ ಸಲಹೆ ಬೇಕಾಗಿದೆ

ಕೋಟೆಬೀದಿ (ಚಿತ್ರದುರ್ಗ):

ಎಲ್ಲರಿಗೂ ನಮಸ್ಕಾರ. ಗ್ರೀಸ್‌ನ ಯಾವುದಾದರೂ ಒಂದೇ ದ್ವೀಪದಲ್ಲಿ ಒಂದು ವಾರ ಉಳಿದು, ಗಡಿಬಿಡಿಯಿಲ್ಲದೆ ನೋಡಿ ಬರಬೇಕೆಂಬ ಆಲೋಚನೆ ನಮ್ಮದು. ಕೇಳಿದವರೆಲ್ಲ ಸಾಂಟೊರಿನಿಯ ಹೆಸರನ್ನೇ ಹೇಳುತ್ತಾರೆ. ಆದರೆ ಏಳು ಸುತ್ತಿನ ಕೋಟೆಯ ಬುಡದಲ್ಲೇ ಬೆಳೆದ ನನಗೆ ರೋಡ್ಸ್ ಪಟ್ಟಣದ ಕೋಟೆಯ ಚಿತ್ರಗಳನ್ನು ನೋಡಿದ ಮೇಲೆ ಮನಸ್ಸು ಅತ್ತ ವಾಲಿದೆ. ಮಕ್ಕಳಿಗೆ ಸಮುದ್ರವಿದ್ದರೆ ಸಾಕು. ಜೊತೆಗೆ ಬರುವ ಅಮ್ಮನಿಗೆ ಮಂಡಿನೋವು, ಮೇಲಾಗಿ ಅವರು ಮೊಟ್ಟೆಯನ್ನೂ ಮುಟ್ಟದವರು. ಇವರೆಲ್ಲರಿಗೂ ಹೊಂದುವಂತೆ ಯಾವ ತಿಂಗಳಲ್ಲಿ ಹೋಗಬೇಕು, ಏನನ್ನು ನೋಡಬೇಕು, ಏನನ್ನು ಬಿಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ತುಪ್ಪದಕೊಳ (ಚಿತ್ರದುರ್ಗ):

ದುರ್ಗದವರು ರೋಡ್ಸ್‌ಗೆ ಹೋದರೆ ಮೊದಲು ಕೋಟೆಯ ಮೇಲಕ್ಕಲ್ಲ, ಕೆಳಗಿನ ಕಂದಕಕ್ಕೆ ಇಳಿಯಬೇಕು ಎಂಬುದು ನನ್ನ ಅಭಿಪ್ರಾಯ. ನೀರಿಲ್ಲದ ಆ ಕಂದಕದಲ್ಲಿ ಈಗ ಯಾರು ಬೇಕಾದರೂ ನಡೆಯಬಹುದು. ಎರಡೂ ಕಡೆ ಗೋಡೆಗಳು ಎದ್ದು ನಿಂತಿದ್ದು, ಮುತ್ತಿಗೆಯ ಕಾಲದ ಕಲ್ಲಿನ ಗುಂಡುಗಳು ಹುಲ್ಲಿನಲ್ಲಿ ಅಲ್ಲಲ್ಲಿ ಹಾಗೆಯೇ ಬಿದ್ದಿವೆ. ನಮ್ಮಲ್ಲಿ ಬೆಟ್ಟ, ಬಂಡೆಗಳೇ ಅರ್ಧ ಕೋಟೆಯ ಕೆಲಸ ಮಾಡಿದವು. ಅಲ್ಲಿನ ಪಟ್ಟಣವೋ ಬಂದರಿನ ಅಂಚಿನಲ್ಲಿದೆ, ಆದ್ದರಿಂದ ಸುಮಾರು 4 ಕಿಲೋಮೀಟರ್ ಸುತ್ತಳತೆಯ ಗೋಡೆಯನ್ನೇ ಅವರು ನಂಬಬೇಕಾಯಿತು.

ಹಾಸ್ಪಿಟಲರ್ ಎಂಬ ಕ್ರೈಸ್ತ ಯೋಧ ಸಂಘದವರು 1309ರಿಂದ ಅಲ್ಲಿ ಆಳಿದರು. ಫ್ರಾನ್ಸ್, ಇಟಲಿ, ಇಂಗ್ಲೆಂಡ್, ಜರ್ಮನಿ ಮುಂತಾದ ಕಡೆಗಳಿಂದ ಬಂದ ಈ ಯೋಧರು ತಮ್ಮ ತಮ್ಮ ಭಾಷೆಯ ಗುಂಪುಗಳನ್ನು ಮಾಡಿಕೊಂಡು, ಗೋಡೆಯ ಒಂದೊಂದು ಭಾಗದ ಕಾವಲನ್ನು ಒಂದೊಂದು ಗುಂಪಿಗೆ ಒಪ್ಪಿಸಿದ್ದರು. 1480ರಲ್ಲಿ ತುರ್ಕರ ಮುತ್ತಿಗೆಯನ್ನು ತಡೆದ ಮೇಲೆ, ಫಿರಂಗಿ ಏಟನ್ನು ತಾಳುವಂತೆ ಗೋಡೆಗಳನ್ನು ದಪ್ಪಗೊಳಿಸಿ ಹೊಸ ಬುರುಜುಗಳನ್ನು ಕಟ್ಟಿದರು. ಆದರೂ 1522ರಲ್ಲಿ ಸುಲ್ತಾನ್ ಸುಲೇಮಾನನ ಸೇನೆ ಸುಮಾರು ಆರು ತಿಂಗಳು ಮುತ್ತಿದಾಗ ಒಪ್ಪಂದ ಮಾಡಿಕೊಂಡು ದ್ವೀಪವನ್ನು ಬಿಟ್ಟುಹೋಗಬೇಕಾಯಿತು.

ಮೇಲಿರುವ ಗ್ರ್ಯಾಂಡ್ ಮಾಸ್ಟರ್ (ಆ ಯೋಧ ಸಂಘದ ಮುಖ್ಯಸ್ಥ) ಅರಮನೆ ಬಹುಮಟ್ಟಿಗೆ ಹಳೆಯದಲ್ಲ ಎಂಬುದು ತಿಳಿದಿರಲಿ. ಹತ್ತಿರದ ಚರ್ಚಿನ ನೆಲಮಾಳಿಗೆಯಲ್ಲಿ ಉಳಿದುಹೋಗಿದ್ದ ಸಿಡಿಮದ್ದಿಗೆ 1856ರಲ್ಲಿ ಸಿಡಿಲು ತಗುಲಿ, ಚರ್ಚಿನೊಂದಿಗೆ ಅರಮನೆಯೂ ಹಾಳಾಯಿತು. (ನಮ್ಮ ಕೋಟೆಯ ಮದ್ದು ಬೀಸುವ ಕಲ್ಲುಗಳನ್ನು ಕಂಡಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.) ಈಗ ಕಾಣುವುದು ದ್ವೀಪ ಇಟಲಿಯ ವಶದಲ್ಲಿದ್ದಾಗ 1930ರ ದಶಕದ ಕೊನೆಗೆ ಮರುನಿರ್ಮಿಸಿದ ಕಟ್ಟಡ, ನೆಲದ ಚಿತ್ತಾರಗಳಲ್ಲಿ ಹಲವನ್ನು ಕೋಸ್ ದ್ವೀಪದಿಂದ ತಂದು ಹಾಸಿದ್ದಾರೆ. ಸಮಯ ಕಡಿಮೆಯಿದ್ದರೆ ಅರಮನೆಯನ್ನು ಬೇಗ ಮುಗಿಸಿ, ಯೋಧರ ಆಸ್ಪತ್ರೆಯಾಗಿದ್ದ ಹದಿನೈದನೆಯ ಶತಮಾನದ ಕಟ್ಟಡದಲ್ಲಿರುವ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೆಚ್ಚು ಹೊತ್ತು ಕೊಡಿ. ಬಂದರಿನ ಬಾಯಿಗೆ ಕಾಲು ಚಾಚಿ ನಿಂತ ಕೊಲೊಸಸ್ ಎಂಬ ಪ್ರಾಚೀನ ಬೃಹತ್ ವಿಗ್ರಹದ ಚಿತ್ರಗಳು ಅಂಗಡಿ ಅಂಗಡಿಯಲ್ಲೂ ಸಿಗುತ್ತವೆ, ಆದರೆ ಅದು ನಿಂತಿದ್ದ ಜಾಗ ಇಂದಿಗೂ ಖಚಿತವಾಗಿಲ್ಲ.

ಬೆಣ್ಣೆನಗರಿ (ದಾವಣಗೆರೆ):

ಊಟದ ಬಗ್ಗೆ ನಾನು ಹೇಳುತ್ತೇನೆ, ಅಮ್ಮನವರು ಉಪವಾಸ ಇರಬೇಕಾಗಿಲ್ಲ. ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತರು ವ್ರತದ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆಗಳನ್ನು ಬಿಡುವುದರಿಂದ, ಎಣ್ಣೆಯಲ್ಲಿ ಬೇಯಿಸಿದ ತರಕಾರಿ, ಕಾಳುಗಳ ಅಡುಗೆ ಅಲ್ಲಿ ಹಿಂದಿನಿಂದಲೂ ಬಳಕೆಯಲ್ಲಿದೆ. "ನಿಸ್ತೀಸಿಮೊ" ಎಂದು ಕೇಳಿದರೆ ವ್ರತದ ಅಡುಗೆ ತೋರಿಸುತ್ತಾರೆ. ಆದರೆ ಅವರ ವ್ರತಕ್ಕೆ ಸೀಗಡಿ, ಆಕ್ಟೋಪಸ್‌ಗಳು ಅಡ್ಡಿಯಲ್ಲ, ಆದ್ದರಿಂದ ತಟ್ಟೆಯಲ್ಲಿ ಏನೇನು ಇರುತ್ತದೆಂದು ಮತ್ತೊಮ್ಮೆ ಕೇಳಿಯೇ ತರಿಸಿಕೊಳ್ಳಿ.

ಟೊಮೆಟೊ ಹಾಕಿದ ಬೆಂಡೆಕಾಯಿ, ದೊಡ್ಡ ಬಿಳಿ ಬೀನ್ಸ್ ಕಾಳಿನ "ಗಿಗಾಂತೆಸ್", ಬಟಾಣಿ ಬೇಳೆಯನ್ನು ನುಣ್ಣಗೆ ಅರೆದ "ಫಾವಾ", ಇವೆಲ್ಲ ಬ್ರೆಡ್ ಜೊತೆ ಹೊಟ್ಟೆ ತುಂಬಿಸುತ್ತವೆ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ "ದೊಲ್ಮಾದೆಸ್" ಮಾಂಸ ಹಾಕಿಯೂ ಬರುತ್ತದೆ, ಹಾಕದೆಯೂ ಬರುತ್ತದೆ. ರೋಡ್ಸ್‌ನದೇ ಎನ್ನಬಹುದಾದ ತಿಂಡಿ "ಪಿತರೂದಿಯಾ": ಕಾಬೂಲಿ ಕಡಲೆ, ಈರುಳ್ಳಿ, ಟೊಮೆಟೊ, ಪುದೀನ ಕಲಸಿ ಕರಿದು, ಬಿಸಿಬಿಸಿಯಾಗಿ ತಂದಿಡುತ್ತಾರೆ. ನಮ್ಮ ಮಸಾಲೆ ವಡೆಯ ದೂರದ ನೆಂಟನಂತೆಯೇ ಇದೆ, ಖಾರವೊಂದು ಇಲ್ಲ, ಅಷ್ಟೆ. ಮೊಟ್ಟೆ ಹಾಕಿಲ್ಲವೆಂದು ಖಚಿತಪಡಿಸಿಕೊಳ್ಳಿ. ಎಳ್ಳು, ಜೇನು, ಕಿತ್ತಳೆ ಸಿಪ್ಪೆ ಸೇರಿಸಿ ಮಾಡುವ "ಮೆಲೆಕೂನಿ" ಅಲ್ಲಿನ ಮದುವೆಗಳಲ್ಲಿ ಹಂಚುವ ಸಿಹಿ, ಪ್ರವಾಸದುದ್ದಕ್ಕೂ ಚೀಲದಲ್ಲಿಟ್ಟುಕೊಳ್ಳಲು ಚೆನ್ನ. ಕಟ್ಟುನಿಟ್ಟಿನವರಾದರೆ ಒಂದು ಮಾತು: ಸಾಂಪ್ರದಾಯಿಕ ಫೆಟಾ ಚೀಸ್‌ನಲ್ಲಿ ಹಾಲು ಒಡೆಯಲು ಪ್ರಾಣಿಜನ್ಯ ಹೆಪ್ಪು ಬಳಸುವುದುಂಟು.

ಕೋಟೆಬೀದಿ:

ಇಬ್ಬರಿಗೂ ಧನ್ಯವಾದಗಳು. ದ್ವೀಪದ ಲಿಂಡೋಸ್ ಎಂಬ ಹಳ್ಳಿಯ ಬೆಟ್ಟದ ಮೇಲೆ ಅಥೀನಾ ದೇವಿಯ ಗುಡಿಯಿದೆಯಂತೆ, ಕತ್ತೆಯ ಮೇಲೆ ಕೂಡಿಸಿ ಕರೆದೊಯ್ಯುತ್ತಾರಂತೆ. ಅಮ್ಮನನ್ನು ಹಾಗೆ ಕರೆದೊಯ್ಯಬಹುದೇ?

ಅಲೆಮಾರಿ (ದಾವಣಗೆರೆ):

ಬೇಡವೆಂದೇ ಹೇಳುತ್ತೇನೆ. ಕತ್ತೆಗಳು ಆ ಗುಡಿಯಿರುವ ಕೋಟೆಯ ಬಾಗಿಲಿನವರೆಗೆ ಮಾತ್ರ ಹೋಗುತ್ತವೆ, ಅಲ್ಲಿಂದ ಮೇಲೆ ಕಡಿದಾದ ಮೆಟ್ಟಿಲುಗಳಿದ್ದು ನೆರಳೆಂಬುದೇ ಇಲ್ಲ. ನೀವು ಮತ್ತು ಮಕ್ಕಳು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹತ್ತಿ ಇಳಿದುಬಿಡಿ, ಅಮ್ಮ ಕೆಳಗಿನ ಹಳ್ಳಿಯಲ್ಲಿ ಕಾಫಿ ಕುಡಿಯುತ್ತ ಕೂತಿರಲಿ. ರೋಡ್ಸ್‌ನ ಕೋಟೆಯೊಳಗಿನ ಹಳೆಯ ಪಟ್ಟಣದಲ್ಲಿಯೂ ಮಂಡಿಗೆ ಸುಖವಿಲ್ಲ. ಹಲವು ಬೀದಿಗಳಿಗೆ ಕಡಲ ಉರುಟು ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿ ಕೂರಿಸಿದ್ದಾರೆ, ತೆಳು ಚಪ್ಪಲಿಯಲ್ಲಿ ಒಂದೊಂದು ಕಲ್ಲೂ ಅಂಗಾಲಿಗೆ ಒತ್ತುತ್ತದೆ. ದಪ್ಪ ಅಟ್ಟೆಯ ಬೂಟು ಕೊಡಿಸಿ, ತಂಗುವ ಕೋಣೆಯನ್ನು ಗೋಡೆಯ ಹೊರಗೆ, ವಾಹನ ಬಾಗಿಲವರೆಗೂ ಬರುವಲ್ಲಿ ಹಿಡಿಯಿರಿ.

ಕಡಲಿಗೆ ಪೂರ್ವ ತೀರವೇ ಸರಿ. ಬೇಸಿಗೆಯಲ್ಲಿ ಬೀಸುವ ಮೆಲ್ತೆಮಿ ಗಾಳಿ ಪಶ್ಚಿಮ ತೀರವನ್ನು ನೇರವಾಗಿ ಬಡಿಯುವುದರಿಂದ ಅಲ್ಲಿ ಅಲೆ ಹೆಚ್ಚು, ತೀರವೂ ಬಹುಪಾಲು ಕಲ್ಲು. ಪೂರ್ವದ ತ್ಸಂಬಿಕಾದಲ್ಲಿ ಮೆತ್ತನೆಯ ಮರಳಿದ್ದು, ದಡದ ಬಳಿ ನೀರು ಆಳವಿಲ್ಲ. ಮಕ್ಕಳಿಗೆ ಅದನ್ನೇ ಆರಿಸುತ್ತೇನೆ. ಲಿಂಡೋಸ್‌ನ ಸೇಂಟ್ ಪಾಲ್ ಕೊಲ್ಲಿ ಚೆಲುವಾದುದಾದರೂ ಚಿಕ್ಕದು, ಹತ್ತು ಗಂಟೆಯ ಮೇಲೆ ಜಾಗ ಸಿಗುವುದು ಕಷ್ಟ. ಪೂರ್ವ ಮತ್ತು ಪಶ್ಚಿಮಕ್ಕೆ ಹೋಗುವ ಬಸ್ಸುಗಳು ಹೊಸ ಮಾರುಕಟ್ಟೆಯ ಬಳಿಯ ಬೇರೆ ಬೇರೆ ನಿಲ್ದಾಣಗಳಿಂದ ಹೊರಡುತ್ತವೆ.

ಮೇ ಕೊನೆ ಅಥವಾ ಸೆಪ್ಟೆಂಬರ್ ಹೊಂದುತ್ತದೆ, ಆದರೆ ಮಕ್ಕಳಿಗೆ ನೀರೇ ಮುಖ್ಯವಾದರೆ ಸೆಪ್ಟೆಂಬರ್ ಲೇಸು, ಬೇಸಿಗೆಯಿಡೀ ಕಾದ ಕಡಲು ಆಗ ಬೆಚ್ಚಗಿರುತ್ತದೆ. ಜುಲೈ, ಆಗಸ್ಟ್ ಬೇಡ. 2023ರ ಜುಲೈನಲ್ಲಿ ಕಾಡ್ಗಿಚ್ಚಿನಿಂದಾಗಿ ಸುಮಾರು 19,000 ಜನರನ್ನು ದ್ವೀಪದ ಅಪಾಯದ ಭಾಗಗಳಿಂದ ತೆರವು ಮಾಡಬೇಕಾಗಿ ಬಂದಿತ್ತು. ಗ್ರೀಸ್‌ಗೆ ಹೋಗಲು ಬೇಕಾದ ಶೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ, ಅಮ್ಮನ ವಯಸ್ಸಿಗೆ ಅದರ ಕಂತು ಹೆಚ್ಚಾಗಬಹುದಾದ್ದರಿಂದ ಟಿಕೆಟ್ ತೆಗೆಯುವ ಮುನ್ನವೇ ವಿಚಾರಿಸಿಕೊಳ್ಳಿ.