ಐಎಸ್‌ಒ ಕಾಪಿ ಮಾಡಿದ್ದೇನೆ, ಪೆನ್‌ಡ್ರೈವ್ ಯಾಕೆ ಬೂಟ್ ಆಗ್ತಿಲ್ಲ?

ಪ್ರಶ್ನೆ (ಇಳಕಲ್, ಸೀರೆ ಅಂಗಡಿ):
ನಮಸ್ಕಾರ ಅಣ್ಣಾರೆ. ಅಂಗಡಿ ಬಿಲ್ಲಿಂಗ್‌ಗೆ ಒಂದು ಎಚ್‌ಪಿ ಲ್ಯಾಪ್‌ಟಾಪ್ ಇದೆ. ಐ5, 8ನೇ ಜನರೇಶನ್, ಒಳಗೆ ವಿಂಡೋಸ್ 10. 2025ರ ಅಕ್ಟೋಬರ್‌ಗೆ ಅದರ ಸಪೋರ್ಟ್ ನಿಂತುಹೋಯಿತಲ್ಲ, ಅದಕ್ಕೆ 11 ಹಾಕೋಣ ಅಂತ ಅಳಿಯ ಒಂದು ಐಎಸ್‌ಒ ಫೈಲ್ ತಂದುಕೊಟ್ಟ. ಪೆನ್‌ಡ್ರೈವ್‌ಗೆ ಕಾಪಿ ಮಾಡುವಾಗ ಮೊದಲು ಫೈಲ್ ದೊಡ್ಡದಾಯಿತು ಅಂತ ಎರರ್ ಬಂತು. ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದ ಮೇಲೆ ಕಾಪಿ ಆಯಿತು. ಆದರೆ ಚುಚ್ಚಿ ಆನ್ ಮಾಡಿದರೆ ಹಳೇ ವಿಂಡೋಸೇ ಬರುತ್ತಿದೆ. ಪೆನ್‌ಡ್ರೈವ್ ಕೆಟ್ಟಿದೆಯಾ? ಮಷಿನ್ನಿನಲ್ಲಿ ಟ್ಯಾಲಿ ಇದೆ, ಡಿ ಡ್ರೈವ್‌ನಲ್ಲಿ ಮನೆಯ ಫೋಟೊ ಎಲ್ಲ ಇವೆ.

ಉತ್ತರ (ನವನಗರ, ಕಂಪ್ಯೂಟರ್ ರಿಪೇರಿ):
ನಮಸ್ಕಾರ ರೀ. ಪೆನ್‌ಡ್ರೈವ್ ಚೆನ್ನಾಗಿಯೇ ಇದೆ. ಐಎಸ್‌ಒ ಅಂದರೆ ವಿಂಡೋಸ್ ಹಾಕಲು ಬೇಕಾದದ್ದೆಲ್ಲ ಒಂದೇ ಫೈಲಿನಲ್ಲಿ ಕಟ್ಟಿಟ್ಟ ಬುತ್ತಿ. ಗಂಟು ಬಿಚ್ಚದೆ ಊಟ ಆಗಲ್ಲ. ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಪೆನ್‌ಡ್ರೈವ್‌ನಲ್ಲಿ 'ಇಎಫ್‌ಐ' ಅನ್ನುವ ಫೋಲ್ಡರ್, ಅದರೊಳಗೆ 'ಬೂಟ್' ಫೋಲ್ಡರ್, ಅದರೊಳಗೆ ಶುರು ಮಾಡಿಸುವ ಒಂದು ಸಣ್ಣ ಫೈಲ್ ಇದೆಯಾ ಅಂತ ನೋಡುತ್ತದೆ. ನಿಮ್ಮ ಪೆನ್‌ಡ್ರೈವ್‌ನಲ್ಲಿ ಒಂದೇ ಒಂದು ದೊಡ್ಡ ಫೈಲ್ ಕಾಣಿಸಿತು. ಇದರಲ್ಲಿ ನನಗೇನೂ ಕೆಲಸ ಇಲ್ಲ ಅಂತ ಅದು ಹಾರ್ಡ್‌ಡಿಸ್ಕಿಗೆ ಹೋಯಿತು.

ಆ ಎರರ್ ಬಂದಿದ್ದಕ್ಕೂ ಕಾರಣ ಇದೆ. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಅನ್ನುವ ಫಾರ್ಮ್ಯಾಟ್‌ನಲ್ಲಿ ಬರುತ್ತವೆ. ಫ್ಯಾಟ್32ನಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಕೂರುವುದಿಲ್ಲ.

ಆದರೆ ಅದಕ್ಕೂ ಮೊದಲು ಒಂದು ಮಾತು. ನಿಮಗೆ ಪೆನ್‌ಡ್ರೈವೇ ಬೇಕಾಗಿಲ್ಲ ಇರಬಹುದು. 8ನೇ ಜನರೇಶನ್ ಐ5 ವಿಂಡೋಸ್ 11ರ ಪಟ್ಟಿಯಲ್ಲಿ ಇದೆ. ಟಿಪಿಎಂ 2.0 (ಮಷಿನ್ನಿನ ಭದ್ರತಾ ಚಿಪ್) ಆನ್ ಇದ್ದು, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಇದ್ದರೆ ಸಾಕು. ಈಗಿನ ವಿಂಡೋಸ್ ನೆಟ್ಟಗೆ ಓಡುತ್ತಿದ್ದರೆ ವಿಂಡೋಸ್ ಅಪ್‌ಡೇಟ್‌ನಿಂದಲೇ 11ಕ್ಕೆ ಹೋಗಬಹುದು. ಟ್ಯಾಲಿ, ಪ್ರಿಂಟರ್, ಫೋಟೊ ಎಲ್ಲ ಇದ್ದಲ್ಲೇ ಇರುತ್ತವೆ. ಅಂಗಡಿ ಮಷಿನ್ ಅಂದರೆ ನಾನು ಇದನ್ನೇ ಮೊದಲು ಹೇಳುವುದು. ಸುಮ್ನೆ ಫಾರ್ಮ್ಯಾಟ್ ಹೊಡೆಸಿಕೊಂಡು ಆಮೇಲೆ ಬಿಲ್ ಪ್ರಿಂಟರ್ ಡ್ರೈವರ್ ಹುಡುಕುತ್ತಾ ಕೂರುವವರೇ ಜಾಸ್ತಿ.

ಇಲ್ಲ, ತುಂಬಾ ನಿಧಾನ ಆಗಿದೆ, ಹೊಸದಾಗಿಯೇ ಹಾಕಬೇಕು ಅಂದರೆ ಪೆನ್‌ಡ್ರೈವ್ ಮಾಡೋಣ. ಆದರೆ ಅಳಿಯಂದಿರ ಫೈಲ್ ಎಲ್ಲಿಂದ ಬಂತು ಅಂತ ಕೇಳಿ. ಟೆಲಿಗ್ರಾಂನಲ್ಲಿ 'ಲೈಟ್' ಅಂತ ಹೆಸರಿಟ್ಟು ಯಾರೋ ಒಳಗೆ ಕೈಯಾಡಿಸಿದ ಐಎಸ್‌ಒಗಳು ಓಡಾಡುತ್ತವೆ. ಲೆಕ್ಕಪತ್ರ ಇಡುವ ಮಷಿನ್ನಿಗೆ ಅದು ಬೇಡವೇ ಬೇಡ. ಮೈಕ್ರೋಸಾಫ್ಟ್ ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ. ಅಲ್ಲೇ 'ಮೀಡಿಯಾ ಕ್ರಿಯೇಷನ್ ಟೂಲ್' ಇದೆ. ಕನಿಷ್ಠ 8 ಜಿಬಿ ಪೆನ್‌ಡ್ರೈವ್ ಹಾಕಿ ಓಡಿಸಿದರೆ ಡೌನ್‌ಲೋಡ್ ಮಾಡಿ, ಪೆನ್‌ಡ್ರೈವ್ ತಯಾರಿಸಿ ಕೊಡುತ್ತದೆ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸುತ್ತದೆ, ಅದು ನೆನಪಿರಲಿ.

ಸರಿಯಾದ ಐಎಸ್‌ಒ ಕೈಯಲ್ಲೇ ಇದ್ದರೆ ರೂಫಸ್ ಬಳಸಿ. ಚಿಕ್ಕ ಪ್ರೋಗ್ರಾಂ, ಇನ್‌ಸ್ಟಾಲ್ ಕೂಡ ಬೇಡ. ಮೇಲೆ ಪೆನ್‌ಡ್ರೈವ್ ಆರಿಸಿ, 'ಸೆಲೆಕ್ಟ್' ಒತ್ತಿ ಐಎಸ್‌ಒ ತೋರಿಸಿ. 'ಪಾರ್ಟಿಷನ್ ಸ್ಕೀಮ್' ಜಿಪಿಟಿ (ಡಿಸ್ಕನ್ನು ಭಾಗ ಮಾಡುವ ಹೊಸ ಶೈಲಿ), 'ಟಾರ್ಗೆಟ್ ಸಿಸ್ಟಮ್' ಯುಇಎಫ್‌ಐ (ಮಷಿನ್ ಶುರುವಾಗುವ ಹೊಸ ವಿಧಾನ) ಇರಲಿ. ಉಳಿದದ್ದು ಮುಟ್ಟಬೇಡಿ. 'ಸ್ಟಾರ್ಟ್' ಒತ್ತಿದ ಮೇಲೆ ಒಂದು ಚಿಕ್ಕ ಕಿಟಕಿ ಬರುತ್ತದೆ, ಟಿಪಿಎಂ ಕೇಳುವುದನ್ನು ತೆಗೆಯಲಾ, ಲೋಕಲ್ ಅಕೌಂಟ್ ಮಾಡಲಾ, ಬಿಟ್‌ಲಾಕರ್ (ಡಿಸ್ಕಿನ ಬೀಗ) ತಾನಾಗಿ ಆನ್ ಆಗುವುದನ್ನು ತಡೆಯಲಾ ಅಂತ. ನಿಮ್ಮ ಮಷಿನ್ನಿಗೆ ಮೊದಲನೆಯದು ಬೇಡ. ಲೋಕಲ್ ಅಕೌಂಟ್ ನಿಮ್ಮ ಇಷ್ಟ. ಕೊನೆಗೆ ಹಸಿರು ಪಟ್ಟಿ ತುಂಬಿ 'ರೆಡಿ' ಅಂತ ಬರುವ ತನಕ ಪೆನ್‌ಡ್ರೈವ್ ಕೀಳಬೇಡಿ. ನಡುವೆ ಪಟ್ಟಿ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ಅದು ನಿಂತಿಲ್ಲ, ದೊಡ್ಡ ಫೈಲ್ ಬರೆಯುತ್ತಿದೆ.

ಇಳಕಲ್:
ಮಾಡಿದೆ ಅಣ್ಣಾರೆ. ರೆಡಿ ಅಂತ ಬಂತು. ಈಗ ಆನ್ ಮಾಡುವಾಗ ಏನು ಒತ್ತಬೇಕು? ಎಫ್ 12 ಒತ್ತಿದರೆ ಏನೂ ಆಗುತ್ತಿಲ್ಲ.

ಉತ್ತರ:
ಎಫ್ 12 ಡೆಲ್, ಲೆನೊವೊದವರಿಗೆ. ಎಚ್‌ಪಿಯಲ್ಲಿ ಆನ್ ಮಾಡಿದ ತಕ್ಷಣ ಎಸ್ಕೇಪ್ ಕೀ ಬಡಿಯುತ್ತಾ ಇರಿ, ಮೆನು ಬಂದ ಮೇಲೆ ಎಫ್ 9. ಅಸೂಸ್ ಲ್ಯಾಪ್‌ಟಾಪಿಗೆ ಎಸ್ಕೇಪ್. ಏಸರ್‌ಗೂ ಎಫ್ 12, ಆದರೆ ಬಹಳ ಮಾಡೆಲ್‌ಗಳಲ್ಲಿ ಮೊದಲು ಎಫ್ 2ರಿಂದ ಬಯೋಸ್‌ಗೆ (ಮಷಿನ್ನಿನ ಮೂಲ ಸೆಟ್ಟಿಂಗ್ ಪರದೆಗೆ) ಹೋಗಿ ಬೂಟ್ ಮೆನು ಆನ್ ಮಾಡಬೇಕು.

ಕೀ ಬಡಿಯುವ ಟೈಮಿಂಗ್ ಸಿಗದಿದ್ದರೆ ಇನ್ನೊಂದು ದಾರಿ ಇದೆ. ವಿಂಡೋಸ್ ಒಳಗಿದ್ದಾಗಲೇ ಶಿಫ್ಟ್ ಹಿಡಿದುಕೊಂಡು 'ರೀಸ್ಟಾರ್ಟ್' ಒತ್ತಿ. ನೀಲಿ ಪರದೆ ಬರುತ್ತದೆ. ಅಲ್ಲಿ 'ಯೂಸ್ ಎ ಡಿವೈಸ್' ಅಂತ ಇದ್ದರೆ ಅದರಲ್ಲಿ ಪೆನ್‌ಡ್ರೈವ್ ಆರಿಸಿ.

ಈಗ ಗಮನ ಕೊಟ್ಟು ಓದಿ, ನನ್ನ ಹತ್ತಿರ ಬರುವ ಗಲಾಟೆಗಳಲ್ಲಿ ಅರ್ಧ ಇಲ್ಲೇ ಆಗುವುದು. ಬೂಟ್ ಮೆನುವಿನಲ್ಲಿ ಕೆಲವು ಮಷಿನ್‌ಗಳು ಒಂದೇ ಪೆನ್‌ಡ್ರೈವನ್ನು ಎರಡು ಸಲ ತೋರಿಸುತ್ತವೆ. ಒಂದು ಸಾಲಿನ ಮುಂದೆ ಯುಇಎಫ್‌ಐ ಅಂತ ಇರುತ್ತದೆ, ಇನ್ನೊಂದರಲ್ಲಿ ಬರೀ ಕಂಪನಿ ಹೆಸರು, ಅಥವಾ 'ಲೆಗಸಿ' (ಹಳೇ ವಿಧಾನ) ಅಂತ ಇರುತ್ತದೆ. ಯುಇಎಫ್‌ಐ ಇರುವ ಸಾಲನ್ನೇ ಆರಿಸಿ. ಬರೀ ಹೆಸರಿನ ಸಾಲು ಆರಿಸಿದರೆ ಕೆಲವು ಪೆನ್‌ಡ್ರೈವ್‌ಗಳು ಆ ದಾರಿಯಲ್ಲೂ ಶುರುವಾಗುತ್ತವೆ, ಮೀಡಿಯಾ ಕ್ರಿಯೇಷನ್ ಟೂಲಿನಿಂದ ಮಾಡಿದವು ಹಾಗೆಯೇ. ಆಮೇಲೆ ಡಿಸ್ಕ್ ಆರಿಸುವ ಜಾಗಕ್ಕೆ ಬಂದಾಗ 'ಡಿಸ್ಕ್ ಜಿಪಿಟಿ ಶೈಲಿಯದು, ಇಲ್ಲಿ ವಿಂಡೋಸ್ ಹಾಕಲು ಆಗಲ್ಲ' ಅಂತ ಸೆಟಪ್ ಹಠ ಹಿಡಿಯುತ್ತದೆ. ಅದನ್ನು ನೋಡಿ ಗಾಬರಿಯಾಗಿ ಇಡೀ ಡಿಸ್ಕ್ ಅಳಿಸಿದವರಿದ್ದಾರೆ. ಡಿಸ್ಕಿನದು ಏನೂ ತಪ್ಪಿಲ್ಲ. ಹಿಂದೆ ಹೋಗಿ, ಯುಇಎಫ್‌ಐ ಇರುವ ಸಾಲಿನಿಂದ ಶುರು ಮಾಡಿದರೆ ಮುಗಿಯಿತು.

ಆದರೆ ಇನ್ನೂ ಶುರು ಮಾಡಬೇಡಿ. ಮೊದಲು ಟ್ಯಾಲಿ ಬ್ಯಾಕಪ್ ತಗೊಳ್ಳಿ, ಡೇಟಾ ಯಾವ ಫೋಲ್ಡರ್‌ನಲ್ಲಿದೆ ಅಂತ ಕಂಪನಿ ಆರಿಸುವ ಪರದೆಯಲ್ಲೇ ಕಾಣುತ್ತದೆ. ಟ್ಯಾಲಿ ಲೈಸೆನ್ಸ್ 'ಸರೆಂಡರ್' ಮಾಡಿ, ಹೊಸ ವಿಂಡೋಸ್ ಮೇಲೆ ಮತ್ತೆ ಹಾಕಿಕೊಳ್ಳುವಾಗ ತಲೆನೋವು ಇರಲ್ಲ. ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದಿಲ್ಲದಿದ್ದರೆ ನಿಮ್ಮ ಡಿ ಡ್ರೈವ್ ನಿಮಗೇ ತೆರೆಯಲ್ಲ. ಫೋಟೊಗಳ ಇನ್ನೊಂದು ಕಾಪಿ ಹೊರಗೆ ಇರಲಿ, ಡಿ ಡ್ರೈವ್ ಮುಟ್ಟಲ್ಲ ಅಂದರೂ ಇರಲಿ.

ಈಗ ಡಿಸ್ಕ್ ಆರಿಸುವ ಪರದೆ. ಅಲ್ಲಿ ಸಿ, ಡಿ ಅಂತ ನೀವು ನೋಡುವ ಹಾಗೆ ಇರುವುದಿಲ್ಲ. 'ಡಿಸ್ಕ್ 0 ಪಾರ್ಟಿಷನ್ 1, 2, 3' ಅಂತ ಸಾಲುಸಾಲಾಗಿ ಇರುತ್ತದೆ. ಗುರುತು ಹಿಡಿಯುವುದು ಮುಖ್ಯವಾಗಿ ಸೈಜ್‌ನಿಂದ. ಅದಕ್ಕೆ ಈಗಲೇ 'ದಿಸ್ ಪಿಸಿ' ತೆರೆದು ಸಿ ಎಷ್ಟು ಜಿಬಿ, ಡಿ ಎಷ್ಟು ಜಿಬಿ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೊಬೈಲ್‌ನಲ್ಲಿ ಫೋಟೊ ತೆಗೆದರೂ ಆಯಿತು. ಅಲ್ಲಿ ಸಿ ಸೈಜಿನ ಸಾಲನ್ನು ಮಾತ್ರ ಫಾರ್ಮ್ಯಾಟ್ ಮಾಡಿ, ಅದನ್ನೇ ಆರಿಸಿ ಮುಂದೆ ಹೋಗಿ. ನಿಮ್ಮ ಪೆನ್‌ಡ್ರೈವ್ ಕೂಡ 'ಡಿಸ್ಕ್ 1' ಅಂತ ಅದೇ ಪಟ್ಟಿಯಲ್ಲಿ ಕಾಣುತ್ತದೆ, ಅದನ್ನು ಮುಟ್ಟಬೇಡಿ. ಈಗಿನ ಸೆಟಪ್‌ನಲ್ಲಿ ಫೈಲ್, ಆ್ಯಪ್ ಎಲ್ಲ ಅಳಿಸಲು ಒಪ್ಪಿದ್ದೇನೆ ಅಂತ ಒಂದು ಟಿಕ್ ಕೂಡ ಕೇಳುತ್ತದೆ.

ಪ್ರಾಡಕ್ಟ್ ಕೀ ಕೇಳಿದರೆ 'ನನ್ನ ಹತ್ತಿರ ಇಲ್ಲ' ಅಂತ ಒತ್ತಿ. ಈಗಿನ ವಿಂಡೋಸ್ 10 ಅಸಲಿ ಇದ್ದರೆ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಹೋಮ್ ಇದ್ದರೆ ಹೋಮ್, ಪ್ರೋ ಇದ್ದರೆ ಪ್ರೋ ಹಾಕಿ, ನೆಟ್ ಸಿಕ್ಕ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಚಾರ್ಜರ್ ಹಚ್ಚೇ ಇರಲಿ. ಕರೆಂಟ್ ಹೋದರೂ ಬ್ಯಾಟರಿ ಒಂದು ತಾಸು ನಿಲ್ಲುವುದಿಲ್ಲ ಅಂದರೆ ಯುಪಿಎಸ್ ಇರುವ ಕಡೆ ಕೂತು ಮಾಡಿ.

ಪ್ರಶ್ನೆ (ಮುಧೋಳ):
ಸರ್, ನಾನೂ ಹೀಗೇ ಪೆನ್‌ಡ್ರೈವ್ ಮಾಡಿದೆ, ಬೂಟ್ ಕೂಡ ಆಯಿತು. ಆದರೆ ಡಿಸ್ಕ್ ಪಟ್ಟಿ ಖಾಲಿ. ಒಂದೂ ಡ್ರೈವ್ ಇಲ್ಲ. 11ನೇ ಜನರೇಶನ್ ಲ್ಯಾಪ್‌ಟಾಪ್, ಎಸ್‌ಎಸ್‌ಡಿ ಹೋಗಿದೆಯಾ?

ಉತ್ತರ:
ಹೋಗಿರಲ್ಲ ಬಿಡಿ. ಇಂಟೆಲ್ 11ನೇ ಜನರೇಶನ್‌ನಿಂದ ಈಚೆ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅನ್ನುವ ಸೆಟ್ಟಿಂಗ್ ಆನ್ ಇರುತ್ತದೆ. ಎಸ್‌ಎಸ್‌ಡಿ ಅದರ ಹಿಂದೆ ಕೂತಿರುತ್ತದೆ, ಅದಕ್ಕೆ ಬೇಕಾದ ಡ್ರೈವರ್ ಸೆಟಪ್ ಹತ್ತಿರ ಇಲ್ಲ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್ ಹಾಕಿ 'ಇಂಟೆಲ್ ರ‍್ಯಾಪಿಡ್ ಸ್ಟೋರೇಜ್' ಡ್ರೈವರ್ ಇಳಿಸಿ. ಅದನ್ನು ಬಿಚ್ಚಿ, ಐಎನ್‌ಎಫ್ ಫೈಲ್‌ಗಳಿರುವ ಫೋಲ್ಡರ್ ಅದೇ ಪೆನ್‌ಡ್ರೈವ್‌ಗೆ ಹಾಕಿ. ಖಾಲಿ ಪಟ್ಟಿ ಬಂದಾಗ 'ಲೋಡ್ ಡ್ರೈವರ್' ಒತ್ತಿ ಆ ಫೋಲ್ಡರ್ ತೋರಿಸಿದರೆ ಎಸ್‌ಎಸ್‌ಡಿ ಕಾಣುತ್ತದೆ. ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿದರೂ ಕಾಣುತ್ತದೆ, ಆದರೆ ಒಳಗಿನ ಹಳೇ ವಿಂಡೋಸ್ ಆಮೇಲೆ ಶುರುವಾಗದೇ ಹೋಗಬಹುದು. ಡೇಟಾ ಇನ್ನೂ ಅದರಲ್ಲೇ ಇದ್ದರೆ ಡ್ರೈವರ್ ದಾರಿಯೇ ಒಳ್ಳೆಯದು.

ಪ್ರಶ್ನೆ (ಗುಳೇದಗುಡ್ಡ, ಶಾಲಾ ಶಿಕ್ಷಕಿ):
ನಮ್ಮ ಶಾಲೆಯ ಕಂಪ್ಯೂಟರ್‌ಗಳು ಹಳೆಯವು, 4 ಜಿಬಿ ರ‍್ಯಾಮ್. ವಿಂಡೋಸ್ 11 ಆಗುವುದಿಲ್ಲ ಅಂದರು. ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ಮಕ್ಕಳು ಕನ್ನಡ ಟೈಪ್ ಮಾಡಬಹುದೇ? ನಮ್ಮ ಪ್ರಶ್ನೆಪತ್ರಿಕೆಗಳೆಲ್ಲ ನುಡಿ ತಂತ್ರಾಂಶದಲ್ಲಿವೆ.

ಉತ್ತರ:
ಮಾಡಬಹುದು ಅಕ್ಕಾರೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ನೋಡಿ, ಹಳೇ ಮಷಿನ್ನಿಗೆ ಹಗುರ. ಐಎಸ್‌ಒ ಸುಮಾರು 3 ಜಿಬಿ. ರೂಫಸ್‌ನಲ್ಲೇ ಪೆನ್‌ಡ್ರೈವ್ ಆಗುತ್ತದೆ. ಒಳ್ಳೆಯದೇನೆಂದರೆ ಏನೂ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಪ್ರಿಂಟರ್, ಸೌಂಡ್, ವೈಫೈ ಎಲ್ಲ ಪರೀಕ್ಷಿಸಿ, ಸರಿ ಅನ್ನಿಸಿದರೆ ಮಾತ್ರ ಡಿಸ್ಕಿಗೆ ಹಾಕಿ.

ಕನ್ನಡ ಕೀಬೋರ್ಡ್ ಸೇರಿಸಿಕೊಂಡರೆ ಯುನಿಕೋಡ್‌ನಲ್ಲಿ (ಎಲ್ಲ ಮಷಿನ್‌ಗಳಲ್ಲೂ ಓದಲು ಬರುವ ಅಕ್ಷರ ಸಂಕೇತದಲ್ಲಿ) ಟೈಪ್ ಆಗುತ್ತದೆ, ನುಡಿಯ ಕೀ ಜೋಡಣೆಯೂ ಸಿಗುತ್ತದೆ. ತೊಂದರೆ ಇರುವುದು ಹಳೇ ಪ್ರಶ್ನೆಪತ್ರಿಕೆಗಳದ್ದು. ಅವು ಯುನಿಕೋಡ್‌ಗೆ ಮುಂಚಿನ ನುಡಿ ಫಾಂಟ್‌ನಲ್ಲಿ ಇದ್ದರೆ, ಫಾಂಟ್ ಇಲ್ಲದ ಮಷಿನ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಎಲ್ಲವನ್ನೂ ಒಮ್ಮೆ ಯುನಿಕೋಡ್‌ಗೆ ಬದಲಿಸಿ ಇಟ್ಟುಕೊಳ್ಳಿ, ಯಾವ ಓಎಸ್ (ವಿಂಡೋಸ್, ಲಿನಕ್ಸ್) ಇದ್ದರೂ ಅದು ಮಾಡಬೇಕಾದ ಕೆಲಸವೇ. ಅಲ್ಲಿಯವರೆಗೆ ಸ್ಟಾಫ್ ರೂಮಿನ ಒಂದು ಮಷಿನ್ನಿನಲ್ಲಿ ವಿಂಡೋಸ್ ಹಾಗೇ ಇರಲಿ.

ಶಾಲೆಯಲ್ಲಿ ಬೇರೆ ಬೇರೆ ಓಎಸ್ ಬೇಕಾಗುವುದಾದರೆ ವೆಂಟಾಯ್ ಅನ್ನುವ ಪ್ರೋಗ್ರಾಂ ಕಲಿಯಿರಿ. ಒಮ್ಮೆ ಪೆನ್‌ಡ್ರೈವ್‌ಗೆ ಹಾಕಿದರೆ ಆಮೇಲೆ ಐಎಸ್‌ಒಗಳನ್ನು ಸುಮ್ನೆ ಕಾಪಿ ಮಾಡಿದರೆ ಸಾಕು, ಬೂಟ್ ಆದಾಗ ಪಟ್ಟಿ ತೋರಿಸುತ್ತದೆ. ಇಳಕಲ್‌ನವರು ಮಾಡಿದ್ದು ವೆಂಟಾಯ್ ಪೆನ್‌ಡ್ರೈವ್‌ನಲ್ಲಿ ಆಗಿದ್ದರೆ ನಡೆಯುತ್ತಿತ್ತು! ಸೆಕ್ಯೂರ್ ಬೂಟ್ (ಗುರುತಿಲ್ಲದ್ದು ಶುರುವಾಗದಂತೆ ತಡೆಯುವ ಕಾವಲು) ಆನ್ ಇರುವ ಮಷಿನ್‌ನಲ್ಲಿ ಮೊದಲ ಸಲ 'ಸೆಕ್ಯೂರಿಟಿ ವಯೊಲೇಷನ್' ಅಂತ ಹೆದರಿಸಬಹುದು. 'ಎನ್‌ರೋಲ್ ಕೀ' ಆರಿಸಿ ಅದರದೇ ಕೀ ತೋರಿಸಿದರೆ ಮತ್ತೆ ಕೇಳಲ್ಲ.

ಪ್ರಶ್ನೆ (ಜಮಖಂಡಿ, ಡಿಪ್ಲೊಮಾ ವಿದ್ಯಾರ್ಥಿ):
ಅಣ್ಣಾ, ನನ್ನ ಲ್ಯಾಪ್‌ಟಾಪ್ ಆನ್ ಆಗಿ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ಮನೆಯಲ್ಲಿ ಬೇರೆ ಕಂಪ್ಯೂಟರ್ ಇಲ್ಲ, ಮೊಬೈಲ್ ಮಾತ್ರ. ಮೊಬೈಲ್‌ನಿಂದ ಪೆನ್‌ಡ್ರೈವ್ ಮಾಡಬಹುದಾ? ದಿನಕ್ಕೆ ಒಂದೂವರೆ ಜಿಬಿ ಡೇಟಾ ಅಷ್ಟೇ.

ಉತ್ತರ:
ಲಿನಕ್ಸ್ ಆದರೆ ಆಗುತ್ತದೆ ತಮ್ಮಾ. ಆಂಡ್ರಾಯ್ಡ್‌ನಲ್ಲಿ ಎಚ್‌ಡ್ರಾಯ್ಡ್ (EtchDroid) ಅಂತ ಆ್ಯಪ್ ಇದೆ, ಓಟಿಜಿ ಕೇಬಲ್‌ನಲ್ಲಿ ಪೆನ್‌ಡ್ರೈವ್ ಹಚ್ಚಿ ಐಎಸ್‌ಒ ಬರೆಯಬಹುದು. ವಿಂಡೋಸ್ ಐಎಸ್‌ಒ ಮಾತ್ರ ಅದರಲ್ಲಿ ಆಗಲ್ಲ. ವಿಂಡೋಸ್ ಬೇಕೆಂದರೆ ಕಾಲೇಜ್ ಲ್ಯಾಬಿನಲ್ಲಿ ಕೇಳು. ಅಲ್ಲಿ ನೆಟ್ಟೂ ಇರುತ್ತದೆ, ನಿನ್ನ ಡೇಟಾದಲ್ಲಿ ಅದು ಒಂದು ದಿನಕ್ಕೆ ಇಳಿಯುವ ಫೈಲ್ ಅಲ್ಲ. ಮತ್ತೆ ಫಾರ್ಮ್ಯಾಟ್‌ಗೆ ಅವಸರ ಮಾಡಬೇಡ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಮೊದಲು ನಿನ್ನ ಪ್ರಾಜೆಕ್ಟ್ ಫೈಲ್‌ಗಳನ್ನು ಹೊರಗೆ ತೆಗೆದುಕೋ. ಕಪ್ಪು ಪರದೆ ಅಂದ ಮಾತ್ರಕ್ಕೆ ಡಿಸ್ಕ್ ಸತ್ತಿದೆ ಅಂತ ಅಲ್ಲ.

ಇಳಕಲ್:
ಅಣ್ಣಾರೆ, ಕಾಪಿ ಎಲ್ಲ ಆಗಿ ರೀಸ್ಟಾರ್ಟ್ ಆಯಿತು. ಆದರೆ ಮತ್ತೆ ಭಾಷೆ ಕೇಳುವ ಮೊದಲ ಪರದೆಗೇ ಬಂತು. ಮತ್ತೆ ಮೊದಲಿಂದ ಮಾಡಬೇಕಾ?

ಉತ್ತರ:
ಬೇಡ ಬೇಡ. ಮತ್ತೆ ಪೆನ್‌ಡ್ರೈವ್‌ನಿಂದಲೇ ಶುರುವಾಗಿದೆ ಅಷ್ಟೇ. ಆಫ್ ಮಾಡಿ, ಪೆನ್‌ಡ್ರೈವ್ ಕಿತ್ತು, ಆನ್ ಮಾಡಿ. ಡಿಸ್ಕಿನಿಂದ ಮುಂದುವರಿಯುತ್ತದೆ.

ಪ್ರಶ್ನೆ (ಬಾದಾಮಿ):
ಸಂತೆಯಲ್ಲಿ 2 ಟಿಬಿ ಪೆನ್‌ಡ್ರೈವ್ ಭಾಳ ಅಗ್ಗ ಸಿಕ್ಕಿತು. ರೂಫಸ್ ಅರ್ಧಕ್ಕೆ ಎರರ್ ಕೊಡುತ್ತಿದೆ. ಇದನ್ನು ಮತ್ತೆ ಮಾಮೂಲಿ ಪೆನ್‌ಡ್ರೈವ್ ಮಾಡಿಕೊಳ್ಳುವುದು ಹೇಗೆ?

ಉತ್ತರ:
ಮಾಮೂಲಿ ಮಾಡುವುದು ಸುಲಭ. ರೂಫಸ್‌ನಲ್ಲಿ 'ಬೂಟ್ ಸೆಲೆಕ್ಷನ್' ಜಾಗದಲ್ಲಿ 'ನಾನ್ ಬೂಟೆಬಲ್' ಆರಿಸಿ, 'ಫೈಲ್ ಸಿಸ್ಟಮ್' ಎಕ್ಸ್‌ಫ್ಯಾಟ್ ಇಟ್ಟು ಸ್ಟಾರ್ಟ್ ಒತ್ತಿ. ಆದರೆ ಅಗ್ಗದ 2 ಟಿಬಿ ಅಂದರೆ ಬಹುಮಟ್ಟಿಗೆ ಒಳಗಿರುವುದು ಕೆಲವೇ ಜಿಬಿ ರೀ. ಇಲ್ಲದ ಜಾಗ ಇದೆ ಅಂತ ತೋರಿಸುತ್ತದೆ, ಬರೆಯಲು ಹೋದಾಗ ಹಳೆಯದರ ಮೇಲೆ ಬರೆಯುತ್ತದೆ ಅಥವಾ ಎರರ್ ಕೊಡುತ್ತದೆ. ರೂಫಸ್‌ನಲ್ಲೇ 'ಚೆಕ್ ಡಿವೈಸ್ ಫಾರ್ ಬ್ಯಾಡ್ ಬ್ಲಾಕ್ಸ್' ಟಿಕ್ ಮಾಡಿ ಓಡಿಸಿ, ಬಣ್ಣ ಬಯಲಾಗುತ್ತದೆ. ತಾಸುಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಬಿಡಿ. ನಕಲಿ ಅಂತ ಗೊತ್ತಾದರೆ ಅದರಲ್ಲಿ ಓಎಸ್ ಅಲ್ಲ, ಹಾಡು ಕೂಡ ಇಡಬೇಡಿ. ಹೆಸರಿರುವ ಕಂಪನಿಯ 16 ಜಿಬಿ ಒಂದು ತಗೊಳ್ಳಿ, ಈ ಕೆಲಸಕ್ಕೆ ಅದೇ ಜಾಸ್ತಿ.