ಎಲಿಸ್ಪಾಟ್‌ನಲ್ಲಿ ಚುಕ್ಕೆ ಬರುತ್ತಿದೆ, ಟೆಟ್ರಾಮರ್‌ನಲ್ಲಿ ಏನೂ ಇಲ್ಲ. ಎಲ್ಲಿ ಎಡವಿದೆ?

ಪ್ರಶ್ನೆ:
ಎರಡು ವಾರದಿಂದ ತಲೆ ಕೆಟ್ಟುಹೋಗಿದೆ. ಇಲಿಗಳಿಗೆ ಕೊರೊನಾ ಸ್ಪೈಕ್‌ನ ಎಂಆರ್‌ಎನ್‌ಎ ಲಸಿಕೆ ಕೊಟ್ಟೆ. ತೊಡೆಯ ಸ್ನಾಯುವಿಗೆ, 3 ವಾರದ ಅಂತರದಲ್ಲಿ 2 ಡೋಸ್. ಎರಡನೇ ಡೋಸ್ ಆಗಿ 7ನೇ ದಿನ ಸ್ಪ್ಲೀನ್ (ಗುಲ್ಮ) ತೆಗೆದು ಅದರ ಕೋಶಗಳಿಗೆ ಎಲಿಸ್ಪಾಟ್ ಮಾಡಿದೆ, ಅಂದರೆ ಕೆರಳಿದ ಟಿ ಕೋಶ ಬಿಡುವ ಇಂಟರ್‌ಫೆರಾನ್ ಗಾಮಾವನ್ನು ಚುಕ್ಕೆಯಾಗಿ ತೋರಿಸುವ ಪರೀಕ್ಷೆ. ಇಡೀ ಸ್ಪೈಕ್‌ನ ಪೆಪ್ಟೈಡ್ ಪೂಲ್ (ಪ್ರೋಟೀನಿನ ಚಿಕ್ಕ ತುಂಡುಗಳ ಮಿಶ್ರಣ) ಹಾಕಿದ ವೆಲ್‌ನಲ್ಲಿ ಇಂಟರ್‌ಫೆರಾನ್ ಗಾಮಾ ಚುಕ್ಕೆಗಳು ರಾಗಿ ಚೆಲ್ಲಿದ ಹಾಗೆ ಬಂದಿವೆ. ಬರೀ ಡಿಎಂಎಸ್‌ಒ (ಪೆಪ್ಟೈಡ್ ಕರಗಿಸುವ ದ್ರವ) ಹಾಕಿದ ವೆಲ್‌ನಲ್ಲಿ ನಾಲ್ಕೈದು, ಅಷ್ಟೇ. ಅದೇ ಕೋಶಗಳಿಗೆ ಟೆಟ್ರಾಮರ್ (ಒಂದು ನಿರ್ದಿಷ್ಟ ತುಂಡನ್ನು ಗುರುತಿಸುವ ಟಿ ಕೋಶಕ್ಕೆ ಮಾತ್ರ ಅಂಟುವ, ಹೊಳೆಯುವ ಗುರುತು) ಹಾಕಿ ಫ್ಲೋ ಸೈಟೋಮೀಟರ್‌ನಲ್ಲಿ ನೋಡಿದರೆ ಲಸಿಕೆ ಪಡೆದ ಇಲಿಗೂ ಪಡೆಯದ್ದಕ್ಕೂ ವ್ಯತ್ಯಾಸವೇ ಇಲ್ಲ. ಟೆಟ್ರಾಮರ್ ಎಚ್2-ಕೆಬಿ (ತುಂಡನ್ನು ಟಿ ಕೋಶಕ್ಕೆ ಹಿಡಿದು ತೋರಿಸುವ ಎಂಎಚ್‌ಸಿ ಅಣುವಿನ ಒಂದು ಬಗೆ), ಅದರಲ್ಲಿರುವ ತುಂಡು ಸ್ಪೈಕ್ 539–546. ಲ್ಯಾಬ್ ಬಿಟ್ಟು ಹೋದ ಸೀನಿಯರ್ ಫ್ರಿಜ್‌ನಲ್ಲಿ ಇಟ್ಟಿದ್ದು.

ಉತ್ತರ 1:
ಫ್ರಿಜ್‌ನಲ್ಲೋ ಫ್ರೀಜರ್‌ನಲ್ಲೋ? ಹೆಪ್ಪುಗಟ್ಟಿದ್ದರೆ ಟೆಟ್ರಾಮರ್ ಕೆಟ್ಟಿರಬಹುದು. ಮತ್ತೆ, ಸಿಡಿ8 (ಕೊಲ್ಲುವ ಟಿ ಕೋಶದ ಗುರುತು) ಆಂಟಿಬಾಡಿಗಿಂತ ಮೊದಲು ಟೆಟ್ರಾಮರ್ ಹಾಕಿದ್ರಾ?

ಪ್ರಶ್ನೆ ಕೇಳಿದವರು:
4 ಡಿಗ್ರಿಯಲ್ಲೇ ಇತ್ತು ಸರ್. ಟೆಟ್ರಾಮರೇ ಮೊದಲು, ಕತ್ತಲೆಯಲ್ಲಿ 30 ನಿಮಿಷ.

ಉತ್ತರ 2:
ಒಂದು ಪೆದ್ದು ಪ್ರಶ್ನೆ. ನಿಮ್ಮ ಇಲಿ ಯಾವ ಬಣ್ಣ?

ಪ್ರಶ್ನೆ ಕೇಳಿದವರು:
ಬಿಳಿ. ಬ್ಯಾಲ್ಬ್-ಸಿ. ಯಾಕೆ?

ಉತ್ತರ 2:
ಅಲ್ಲೇ ಇದೆ ನೋಡಿ. ಕೆಬಿ ಇರುವುದು ಕಪ್ಪು ಇಲಿ, ಅಂದರೆ ಸಿ57 ಬ್ಲ್ಯಾಕ್ 6ರಲ್ಲಿ. ಬ್ಯಾಲ್ಬ್-ಸಿಯದು ಕೆಡಿ, ಡಿಡಿ, ಎಲ್‌ಡಿ. ನಿಮ್ಮ ಇಲಿಯ ಟಿ ಕೋಶ ಕೆಬಿಯನ್ನು ಜನ್ಮದಲ್ಲಿ ನೋಡಿಲ್ಲ, ಆ ಟೆಟ್ರಾಮರ್ ಹಿಡಿಯುವಂಥ ಕೋಶ ಅದರಲ್ಲಿ ಬೆಳೆಯುವುದು ಹೇಗೆ? ಎಲಿಸ್ಪಾಟ್ ಮೋಸ ಮಾಡಲಿಲ್ಲ ಯಾಕಂದ್ರೆ ಪೂಲ್‌ನಲ್ಲಿ ಸ್ಪೈಕ್‌ನ ಎಲ್ಲಾ ತುಂಡುಗಳೂ ಇದ್ದವು. ತನಗೆ ಹೊಂದುವುದನ್ನು ಇಲಿಯೇ ಆರಿಸಿಕೊಂಡಿತು. ಲಸಿಕೆ ಕೆಲಸ ಮಾಡಿದೆ, ಬೀಗಕ್ಕೆ ಬೇರೆ ಕೀಲಿ ಹಾಕಿದ್ದೀರಿ ಅಷ್ಟೇ.

ಹೊಸ ಟೆಟ್ರಾಮರ್ ತರಿಸುವುದಾದರೆ ಕೆಡಿ, ಸ್ಪೈಕ್ 268–276. ಅದು ಬರುವವರೆಗೆ ಸುಮ್ನೆ ಕೂರಬೇಡಿ. ಪೂಲ್ ಜೊತೆ ಬ್ರೆಫೆಲ್ಡಿನ್ ಎ (ಗಾಮಾ ಕೋಶದಿಂದ ಹೊರಹೋಗದಂತೆ ತಡೆಯುವುದು) ಹಾಕಿ ಐದಾರು ಗಂಟೆ ಬಿಟ್ಟು, ಕೋಶದ ಒಳಗೇ ಗಾಮಾ ಸ್ಟೈನ್ ಮಾಡಿ. ಇನ್ನೊಂದು ಮಾತು. ಎಲಿಸ್ಪಾಟ್ ಚುಕ್ಕೆ ಸಹಾಯಕ ಟಿ ಕೋಶವಾದ ಸಿಡಿ4ದೋ ಸಿಡಿ8ದೋ ಹೇಳುವುದಿಲ್ಲ. ಹೇಗಿದ್ದರೂ ಈ ಸ್ಟೈನಿಂಗ್ ಮಾಡಲೇಬೇಕಿತ್ತು, ಅಲ್ವಾ?

ಪ್ರಶ್ನೆ ಕೇಳಿದವರು (ಆರು ದಿನದ ನಂತರ):
ಬಾಟಲಿ ಮೇಲೆ ಕೆಬಿ ಅಂತ ಬರೆದಿದ್ದನ್ನು ನಾನೇ ಹತ್ತು ಸಲ ಓದಿದ್ದೆ! ಗೈಡ್‌ಗೆ ಹೇಳುವಾಗ ನೆಲ ನೋಡುತ್ತಾ ನಿಂತಿದ್ದೆ. ಉಳಿದಿದ್ದ ಎರಡು ಇಲಿಗಳಲ್ಲಿ ನೀವು ಹೇಳಿದ ಸ್ಟೈನಿಂಗ್ ಮಾಡಿದೆ. ಸಿಡಿ8ರಲ್ಲಿ ಗಾಮಾ ಚೆನ್ನಾಗಿ ಬಂದಿದೆ, ಸಿಡಿ4ರಲ್ಲಿ ಸ್ವಲ್ಪ. ಸಲೈನ್ ಕೊಟ್ಟ ಇಲಿಯಲ್ಲಿ ಇಲ್ಲ. ಕೆಡಿ ಟೆಟ್ರಾಮರ್‌ಗೆ ಆರ್ಡರ್ ಹಾಕಿದ್ದೇನೆ. ಹಳೆಯದು ಯಾರ ಹತ್ತಿರವಾದರೂ ಕಪ್ಪು ಇಲಿ ಇದ್ದರೆ ಅವರಿಗೆ.