ಅಕ್ಸೆಪ್ಟೆನ್ಸ್‌ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಫ್ಲೆಕ್ಸ್ ಪ್ರಿಂಟಿಗೆ ಹೋಗುತ್ತದೆ

ಹಾಸನದಿಂದ:
ನಮಸ್ಕಾರ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಕನ್ನಡದಲ್ಲಿ ಒಂದು ಫ್ಲೆಕ್ಸ್ ಮಾಡಿಸುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಅಂಗಡಿಗೆ ಕೊಡಬೇಕು. ವಿಷಯ ಇದು: ಚಿನ್ನದಂಥ ಭಾರದ ಅಯಾನುಗಳನ್ನು ಡಿಕ್ಕಿ ಹೊಡೆಸಿದಾಗ ಸಿಗುವ ಪ್ರೋಟಾನುಗಳ ಎಣಿಕೆ ಪ್ರತಿ ಡಿಕ್ಕಿಯಲ್ಲೂ ಹೆಚ್ಚುಕಮ್ಮಿ ಆಗುತ್ತದೆ. ಆ ಏರಿಳಿತವನ್ನೇ ಅಳೆಯುತ್ತಾರೆ. ಆದರೆ ಕಣ ಹಿಡಿದು ಎಣಿಸುವ ಯಂತ್ರಕ್ಕೆ, ಅಂದರೆ ಡಿಟೆಕ್ಟರಿಗೆ, ಎಲ್ಲಾ ಕಣ ಸಿಗುವುದಿಲ್ಲ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಸ್ಟಾರ್ ಡಿಟೆಕ್ಟರ್ ಅಯಾನುಗಳು ಓಡುವ ಕೊಳವೆಯ ಸುತ್ತ ಪೂರ್ತಿ ನೋಡುತ್ತಿತ್ತು. ಆದರೂ ಕೊಳವೆಯ ಉದ್ದಕ್ಕೇ ಹಾರಿದ ಕಣ ತಪ್ಪಿಸಿಕೊಳ್ಳುತ್ತಿತ್ತು. ನ್ಯೂಟ್ರಾನ್ ಅಂತೂ ಈ ಲೆಕ್ಕಕ್ಕೇ ಬರುವುದಿಲ್ಲ. ಸಿಗುವ ಆ ಭಾಗಕ್ಕೆ ಅಕ್ಸೆಪ್ಟೆನ್ಸ್ ಅಂತಾರೆ. ನಿಘಂಟು ನೋಡಿದರೆ 'ಸ್ವೀಕಾರ'. 'ಸೀಮಿತ ಸ್ವೀಕಾರ' ಅಂತ ಬರೆದರೆ ಯಾರೋ ಅಧ್ಯಕ್ಷರು ಅಧಿಕಾರ ಸ್ವೀಕಾರ ಮಾಡಿದ ಹಾಗಿರುತ್ತದೆ. ಒಂದು ಪದ ಕೊಡಿ.

ಮೂಡಿಗೆರೆಯಿಂದ:
ಎಟುಕು. ಮುಗಿಯಿತು. ಕೈಗೆಟುಕು, ಕಣ್ಣಿಗೆಟುಕು ಅಂತ ದಿನಾ ಆಡುತ್ತೇವೆ. ತಮಿಳಿನಲ್ಲಿ ಎಟ್ಟು ಅಂದರೆ ತಲುಪು. ಒಂದೇ ಬೇರು. ಮನೆಯಲ್ಲಿರುವ ಪದ ಬಿಟ್ಟು ಸಂಸ್ಕೃತದ ಬಾಗಿಲು ಯಾಕೆ ತಟ್ಟುತ್ತೀರಿ?

ಬೇಲೂರಿನಿಂದ:
ತಮಿಳಿನಲ್ಲಿ ಎಟ್ಟು ಅಂದರೆ ಎಂಟು ಕೂಡ. ಬೇರು ಅಗೆಯುವ ಚಟ ಆಮೇಲೆ ಇಟ್ಟುಕೊಳ್ಳಿ. ಎಟುಕಬೇಕಾದರೆ ಕೈ ಚಾಚಬೇಕು. ಡಿಟೆಕ್ಟರ್ ಚಾಚುತ್ತಾ? ಸುಮ್ನೆ ಇದ್ದಲ್ಲೇ ಇರುತ್ತೆ. 'ಹರವು' ಅನ್ನಿ.

ಹಾಸನದಿಂದ:
ಹರವು ಬೇಡ ಸರ್. ಎಣಿಕೆ ಎಷ್ಟು ಚದುರಿದೆ ಅನ್ನುವುದಕ್ಕೆ ಅದನ್ನೇ ಬಳಸಿಬಿಟ್ಟಿದ್ದೇನೆ.

ಚಿಕ್ಕಮಗಳೂರಿನಿಂದ:
ಪದಕ್ಕೆ ಮೊದಲು ವಿಷಯ ನೋಡಿ ಮಾರಾಯ್ರೆ. ರೊಬಸ್ಟಾ ಕಾಫಿ ಕೊಯ್ಯುವಾಗ ಗಿಡದ ಕೆಳಗೆ ಟಾರ್ಪಾಲು ಹಾಸುತ್ತೇವೆ ಅಲ್ವಾ? ಪ್ರತಿ ಗಿಡದಿಂದಲೂ ಸರಿಯಾಗಿ 100 ಹಣ್ಣು ಉದುರಿತು ಅಂತಿಟ್ಟುಕೊಳ್ಳಿ. ಏರಿಳಿತವೇ ಇಲ್ಲ. ಟಾರ್ಪಾಲು ಚಿಕ್ಕದು, ಹಣ್ಣು ಅದರ ಮೇಲೆ ಬೀಳುವುದು ಅರ್ಧಕ್ಕರ್ಧ. ಎಣಿಸಿದರೆ ಒಂದು ಗಿಡಕ್ಕೆ 46, ಪಕ್ಕದ್ದಕ್ಕೆ 55. ಸರಾಸರಿ 50, ವೇರಿಯನ್ಸ್ (ಏರಿಳಿತದ ಅಳತೆ) 25. ಗಿಡದಲ್ಲಿ ಇಲ್ಲದ ಏರಿಳಿತ ಟಾರ್ಪಾಲಿನಲ್ಲಿ ಹುಟ್ಟಿತು! ಸರಾಸರಿಯನ್ನು ಎರಡರಿಂದ ಗುಣಿಸಿದರೆ 100 ಬಂತು, ಸರಿ. ಆ 25ನ್ನು ಹಾಗೆ ಹಿಗ್ಗಿಸಿದರೆ ಗಿಡದ ಸೊನ್ನೆ ವಾಪಸ್ ಬರುತ್ತಾ?

ಅದಕ್ಕೇ ಜೋಡಿ ಎಣಿಸಬೇಕು. 46 ಇದ್ದರೆ 46 ಗುಣಿಸು 45, ಹೀಗೆ. ಅದರ ಸರಾಸರಿ 2475 ಬರುತ್ತದೆ. ಎರಡೂ ಹಣ್ಣು ಟಾರ್ಪಾಲಿಗೆ ಬೀಳುವ ಸಾಧ್ಯತೆ ಕಾಲು ಭಾಗ. ಕಾಲು ಭಾಗದಿಂದ ಭಾಗಿಸಿ: 9900. ಅಂದರೆ 100 ಗುಣಿಸು 99, ಪ್ರತಿ ಗಿಡದಲ್ಲೂ ಸರಿಯಾಗಿ 100 ಇದ್ದಾಗ ಬರುವುದೇ ಇದು. ಏರಿಳಿತ ಮಾಯ. ಫ್ಯಾಕ್ಟೋರಿಯಲ್ ಮೊಮೆಂಟ್ ಅಂದರೆ ಇಷ್ಟೇ. ಹಣ್ಣುಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಬೀಳಬೇಕು, ಗೊಂಚಲಾಗಿ ಬಿದ್ದರೆ ಈ ಲೆಕ್ಕ ಕೆಟ್ಟಿತು. ಟಾರ್ಪಾಲಿನ ಮೇಲೆ ಬಿದ್ದೂ ಎಲೆಯಡಿ ಕಾಣದೆ ಹೋದದ್ದು ಬೇರೆ, ಅದು ಎಫಿಶಿಯೆನ್ಸಿ.

ಪದಕ್ಕೆ 'ವ್ಯಾಪ್ತಿ' ಸಾಕು. ನಮ್ಮ ಘಟ್ಟದಲ್ಲಿ ಫೋನೇ ದಿನಾ ಹೇಳುತ್ತದೆ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತ. ಪ್ರೋಟಾನಿನದೂ ಅದೇ ಕತೆ.

ಮೂಡಿಗೆರೆಯಿಂದ:
ವ್ಯಾಪ್ತಿ ಎರವಲು, ಪ್ರದೇಶ ಎರವಲು. ಒಪ್ಪಲ್ಲ.

ಬೇಲೂರಿನಿಂದ:
ಹಲ್ಮಿಡಿ ನಮ್ಮ ತಾಲ್ಲೂಕು ಸ್ವಾಮಿ. ಸುಮಾರು 450ರ ಶಾಸನ, 16 ಸಾಲು. ಶುರುವಾಗುವುದೇ 'ಜಯತಿ' ಅಂತ. ಎರವಲು ಆ ಕಲ್ಲಿನಲ್ಲೇ ಇದೆ. ಈಗ ತಾಲ್ಲೂಕು ಅಂದೆನಲ್ಲ, ಅದು ಅರಬ್ಬಿಯಿಂದ ಬಂದದ್ದು. ನಿಮ್ಮ ಕಡೆಯವರು ಬೆಳೆಯುವ ಕಾಫಿ, ಆ ಪದವೂ ಅಲ್ಲಿಂದಲೇ. ಅದಕ್ಕೆ ಏನು ಹೆಸರಿಡುತ್ತೀರಿ?

ಮೂಡಿಗೆರೆಯಿಂದ:
ಅದೇ ಕಲ್ಲಿನಲ್ಲಿ 'ಬಾಳ್ಗಳ್ಚು' ಇದೆ. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆ. ಹೋರಾಡಿದವನಿಗೆ ಕತ್ತಿ ತೊಳೆದು ಕೊಡುವ ದತ್ತಿಗೆ ಅವರೇ ಪದ ಕಟ್ಟಿಕೊಂಡರು. ಮೊದಲ ಸಾಲು ಓದಿ ಶಾಸನ ಎತ್ತಬೇಡಿ, ಕೆಳಗೂ ಇಳಿಯಿರಿ.

ಹಾಸನದಿಂದ:
ಫ್ಲೆಕ್ಸ್ ಅಂಗಡಿಯಿಂದಲೇ ಬರೆಯುತ್ತಿದ್ದೇನೆ. ತಲೆಬರಹ: 'ವ್ಯಾಪ್ತಿ ಚಿಕ್ಕದಾದಾಗ ಕಣಗಳ ಎಣಿಕೆಯ ಏರಿಳಿತ ಸರಿಪಡಿಸುವ ಬಗೆ'. ಟಾರ್ಪಾಲಿನ ಚಿತ್ರ ಹಾಕಿಸಿದೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಎಟುಕು'. ಎಫಿಶಿಯೆನ್ಸಿಗೆ ದಕ್ಷತೆ ಅಂತ ಹಾಕಿದೆ.

ಮೂಡಿಗೆರೆಯಿಂದ:
ದಕ್ಷತೆ ಅಂತೆ. ಮತ್ತೆ ಸಣ್ಣಕ್ಷರ ಯಾಕೆ?